ಇಂಜಿನ್ ಬಿಚ್ಚಿ ಕಟ್ಟಿದ ಮೇಲೆ ಎಫ್‌ಐ ಬೈಕ್ ರೇಸ್ ತಗೊಳ್ಳದಿದ್ದರೆ

2020ರ ಏಪ್ರಿಲ್ 1ರಂದು ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲೆ ಹೊಸ ಪೆಟ್ರೋಲ್ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಅದರ ಜಾಗಕ್ಕೆ ಎಫ್‌ಐ, ಅಂದರೆ ಸೆನ್ಸರ್ ನೋಡಿ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮುಕಿಸುವ ಏರ್ಪಾಡು ಬಂತು. ಆಗ ಕೊಂಡ ಗಾಡಿಗಳು ಈಗ ಒಂದೊಂದಾಗಿ ಬೋರಿಗೆ, ಅಂದರೆ ಸವೆದ ಸಿಲಿಂಡರ್ ಕೊರೆಸುವ ಕೆಲಸಕ್ಕೆ, ಬರುತ್ತಿವೆ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ತೋಟದ ಏರುಗಳಲ್ಲಿ ಮೂಟೆ ಹೊತ್ತು ಮೊದಲ, ಎರಡನೇ ಗೇರಿನಲ್ಲೇ ಓಡುವ ಗಾಡಿಗಳಿಗೆ ಆ ಸರದಿ ಇನ್ನೂ ಬೇಗ ಬರುತ್ತದೆ. ಹೊಸ ಪಿಸ್ಟನ್, ಹೊಸ ರಿಂಗ್, ಸೀಟಿಗೆ ಉಜ್ಜಿ ಕೂರಿಸಿದ, ಅಂದರೆ ಲ್ಯಾಪ್ ಮಾಡಿದ ವಾಲ್ವ್, ಎಲ್ಲ ಸರಿ. ಆದರೆ ಕಟ್ಟಿ ಮುಗಿಸಿ ಸ್ಟಾರ್ಟ್ ಮಾಡಿದರೆ ರೇಸ್ ಕೊಟ್ಟಾಗ ಮುಗ್ಗರಿಸುತ್ತದೆ, ಇಲ್ಲವೇ ಸ್ಲೋ ಸ್ಪೀಡ್ ನಿಲ್ಲುವುದಿಲ್ಲ, ಇಲ್ಲವೇ ಏರಿದ ರೇಸ್ ಇಳಿಯುವುದೇ ಇಲ್ಲ.

ಆ ಕ್ಷಣಕ್ಕೆ ಬಾಯಿಗೆ ಬರುವ ಮಾತು ‘ಸೆನ್ಸರ್ ಹೋಗಿದೆ’ ಅಥವಾ ‘ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ’. ಎರಡೂ ದುಬಾರಿ ಊಹೆಗಳು. ಬಿಚ್ಚುವ ಹಿಂದಿನ ದಿನ ಸರಿಯಾಗಿದ್ದ ಸೆನ್ಸರ್ ಕಟ್ಟುವಷ್ಟರಲ್ಲಿ ಸಾಯುವುದು ಅಪರೂಪ. ಕೈ ಆಡಿದ ಜಾಗದಲ್ಲೇ ತೊಂದರೆ ಇರುವ ಸಂಭವ ಹೆಚ್ಚು: ಮ್ಯಾನಿಫೋಲ್ಡಿನ (ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯ) ಓ-ರಿಂಗ್, ಅರ್ಥ್ ವೈರ್, ಸರಿಯಾಗಿ ಕೂರದ ಕನೆಕ್ಟರ್, ಕೇಬಲ್, ಟೈಮಿಂಗ್ ಚೈನು.

ಎಫ್‌ಐ ಗಾಡಿಯಲ್ಲಿ ನಿಮ್ಮ ಕೈ ತೆರೆಯುವುದು ಗಾಳಿಯ ಬಾಗಿಲನ್ನು, ಅಂದರೆ ಬಟರ್‌ಫ್ಲೈಯನ್ನು ಮಾತ್ರ. ಪೆಟ್ರೋಲ್ ಎಷ್ಟು ಎಂಬುದನ್ನು ಇಸಿಯು ಲೆಕ್ಕ ಹಾಕುತ್ತದೆ. ರೇಸ್ ಕಡಿಮೆ ಇರುವಾಗ ಅದು ಹೆಚ್ಚಾಗಿ ನಂಬುವುದು ಮ್ಯಾಪ್ ಸೆನ್ಸರನ್ನು, ಅಂದರೆ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು. ರೇಸ್ ಜಾಸ್ತಿಯಾದಂತೆ ನಂಬಿಕೆ ಟಿಪಿಎಸ್ ಮೇಲೆ, ಅಂದರೆ ಬಟರ್‌ಫ್ಲೈ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್ ಮೇಲೆ, ಹಾಗೂ ಆರ್‌ಪಿಎಂ ಮೇಲೆ ಜಾರುತ್ತದೆ. ಕೈಯನ್ನು ಥಟ್ಟನೆ ತಿರುಗಿಸಿದರೆ ಟಿಪಿಎಸ್ ಎಷ್ಟು ವೇಗವಾಗಿ ಏರಿತು ಎಂದು ನೋಡಿ ಒಂದು ಗುಟುಕು ಹೆಚ್ಚು ಪೆಟ್ರೋಲ್ ಹಾಕುತ್ತದೆ. ಇಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ ಎಂದು ಟೆಂಪರೇಚರ್ ಸೆನ್ಸರ್ ಹೇಳುತ್ತದೆ. ಬಿಸಿಯಾದ ಮೇಲೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿ ಸಣ್ಣಪುಟ್ಟ ತಿದ್ದುಪಡಿ ನಡೆಯುತ್ತದೆ.

ಹೀಗಾಗಿ ತೊಂದರೆ ಎಷ್ಟು ರೇಸಿನಲ್ಲಿ ಕಾಣುತ್ತದೆ ಎಂಬುದೇ ಅರ್ಧ ಉತ್ತರ. ಸ್ಲೋ ಸ್ಪೀಡಿನಲ್ಲಿ ಮಾತ್ರವಾದರೆ ಗಾಳಿ ಸೋರಿಕೆ, ಸ್ಲೋ ಸ್ಪೀಡಿನ (ಐಡಲ್) ಗಾಳಿ ಹೊಂದಿಸುವ ಐಡಲ್ ವಾಲ್ವ್, ವಾಲ್ವ್ ಗ್ಯಾಪ್. ಥಟ್ಟನೆ ತಿರುಗಿಸಿದಾಗ ಮಾತ್ರ ಮುಗ್ಗರಿಸಿದರೆ ಟಿಪಿಎಸ್ ಅಥವಾ ಪೆಟ್ರೋಲ್ ಒತ್ತಡ. ಒಂದೇ ರೇಸಿನಲ್ಲಿ ಹಿಡಿದಾಗ ಗಾಡಿ ಹಿಂದೆಮುಂದೆ ಎಳೆದಾಡಿದರೆ ಬಡ ಮಿಶ್ರಣ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಮೇಲಿನ ಆರ್‌ಪಿಎಂನಲ್ಲಿ ಬಾಯಿ ಕಟ್ಟಿದ ಹಾಗಾದರೆ ಪಂಪು, ಫಿಲ್ಟರ್, ಕ್ಯಾಮ್ ಟೈಮಿಂಗ್. ಎಲ್ಲ ರೇಸಿನಲ್ಲೂ ಒಂದೇ ಥರ ಕೆಟ್ಟಿದ್ದರೆ ಅರ್ಥ್, ಬ್ಯಾಟರಿ, ಕಂಪ್ರೆಶನ್.

ಬೋರ್ ಮಾಡಿಸಿದ್ದಕ್ಕೆ ಇಸಿಯು ಟ್ಯೂನ್ ಮಾಡಿಸಬೇಕು ಎಂದು ಕೆಲವರು ಹೇಳುವುದುಂಟು. 50 ಮಿ.ಮೀ. ಬೋರಿನ ಇಂಜಿನಿಗೆ 0.50 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸಿಸಿ ಹೆಚ್ಚುವುದು ಬರೀ ಶೇ. 2. ಅಷ್ಟನ್ನು ಆಕ್ಸಿಜನ್ ಸೆನ್ಸರಿನ ತಿದ್ದುಪಡಿ ನುಂಗಿ ಹಾಕುತ್ತದೆ. ಅದಕ್ಕೆ ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ.

ಮೊದಲು ಕೇಬಲ್

ನಾಚಿಕೆಯಾಗುವಷ್ಟು ಸರಳ ಕಾರಣ ಇದು. ಹ್ಯಾಂಡಲಿನ ಗ್ರಿಪ್ ಅಂಚಿನಲ್ಲಿ 2ರಿಂದ 6 ಮಿ.ಮೀ. ಸಡಿಲ ಇರಬೇಕು. ಟ್ಯಾಂಕ್ ಇಳಿಸಿ ಏರಿಸುವಾಗ ಕೇಬಲ್ ಬೇರೆ ದಾರಿಯಲ್ಲಿ ಹೋಗಿದ್ದರೆ ಸಡಿಲ ಮಾಯವಾಗುತ್ತದೆ. ಆಗ ಬಟರ್‌ಫ್ಲೈ ಕೂದಲೆಳೆಯಷ್ಟು ತೆರೆದೇ ಇರುತ್ತದೆ, ಟಿಪಿಎಸ್ ಸೊನ್ನೆಗೆ ಬರುವುದಿಲ್ಲ, ಇಸಿಯು ‘ಸವಾರ ಇನ್ನೂ ರೇಸ್ ಕೊಡುತ್ತಿದ್ದಾನೆ’ ಎಂದೇ ತಿಳಿಯುತ್ತದೆ. ಐಡಲ್ ಹಿಡಿಯುವ ಕೆಲಸಕ್ಕೆ ಅದು ಕೈಯನ್ನೇ ಹಾಕುವುದಿಲ್ಲ. ಗಾಡಿ ಓಡುತ್ತಿರುವಾಗ ಹ್ಯಾಂಡಲನ್ನು ಎಡ ತುದಿಗೂ ಬಲ ತುದಿಗೂ ತಿರುಗಿಸಿ. ಆರ್‌ಪಿಎಂ ಬದಲಾದರೆ ಕೇಬಲ್ ದಾರಿಯೇ ತಪ್ಪು. ಗ್ರಿಪ್ ಬಿಟ್ಟರೆ ‘ಟಪ್’ ಎಂದು ತಾನಾಗಿ ಮುಚ್ಚಬೇಕು.

ಬಟರ್‌ಫ್ಲೈ ಕೂತಿರುವ ಥ್ರಾಟಲ್ ಬಾಡಿಯ ಮೇಲೆ ಬಣ್ಣದ ಗುರುತು ಹಾಕಿದ ಸ್ಟಾಪ್ ಸ್ಕ್ರೂ ಇರುತ್ತದೆ. ಕಾರ್ಬೊರೇಟರಿನ ಸ್ಲೋ ಸ್ಪೀಡ್ ಸ್ಕ್ರೂ ಎಂದು ತಿಳಿದು ಅದನ್ನು ತಿರುಗಿಸಬಾರದು. ಅದು ಕಾರ್ಖಾನೆಯಲ್ಲಿ ಗಾಳಿಯ ಅಳತೆಗೆ ಹೊಂದಿಸಿದ್ದು. ಒಮ್ಮೆ ಕದಲಿದರೆ ಟಿಪಿಎಸ್ಸಿನ ಸೊನ್ನೆಯೂ ಕದಲುತ್ತದೆ. ಬಟರ್‌ಫ್ಲೈ ಸುತ್ತಲಿನ ಕಪ್ಪು ಲೇಪವನ್ನು ಬ್ಲೇಡಿನಿಂದ ಕೆರೆಯಬಾರದು. ಅದು ಮಸಿಯಲ್ಲ, ಮುಚ್ಚಿದಾಗ ಗಾಳಿ ಸೋರದಂತೆ ಹಚ್ಚಿದ ಲೇಪ. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ, ಸೆನ್ಸರ್ ಮೇಲೆ ಸಿಂಪಡಿಸಬೇಡಿ.

ಕಳ್ಳಗಾಳಿ

ಬಿಚ್ಚಿ ಕಟ್ಟಿದ ಗಾಡಿಗಳಲ್ಲಿ ಅತಿ ಹೆಚ್ಚು ಸಲ ಸಿಗುವ ಕಾರಣ ಇದೇ. ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನ ಓ-ರಿಂಗನ್ನು ಹಳೆಯದನ್ನೇ ಹಾಕಿರುತ್ತಾರೆ. ಅದು ಬಿಸಿಗೆ ಚಪ್ಪಟೆಯಾಗಿರುತ್ತದೆ. ಇಲ್ಲವೇ ರಬ್ಬರ್ ಬೂಟು ಒಂದು ಕಡೆ ತುಟಿ ಮಡಚಿ ಕೂತಿರುತ್ತದೆ. ಇಂಜೆಕ್ಟರಿನ ಕೆಳಗಿನ ಓ-ರಿಂಗ್ ಒಣಗಿದ್ದಾಗ ಒತ್ತಿದರೆ ಕೊಯ್ದುಹೋಗುತ್ತದೆ. ಕೂರಿಸುವ ಮುನ್ನ ಅದಕ್ಕೆ ಒಂದು ಹನಿ ಇಂಜಿನ್ ಆಯಿಲ್ ಸವರಬೇಕು.

ಸೋರಿಕೆಯ ಲಕ್ಷಣ ಗಾಡಿಯಿಂದ ಗಾಡಿಗೆ ಬೇರೆಯಾಗಿ ಕಾಣುವುದಕ್ಕೂ ಕಾರಣವಿದೆ. ಮ್ಯಾಪ್ ನಂಬಿ ನಡೆಯುವ ಹೊತ್ತಿನಲ್ಲಿ ಬಟರ್‌ಫ್ಲೈ ದಾಟಿದ ಮೇಲೆ ನುಗ್ಗಿದ ಗಾಳಿಯೂ ಒತ್ತಡವಾಗಿ ಕಾಣುತ್ತದೆ, ಇಸಿಯು ಅದಕ್ಕೂ ಪೆಟ್ರೋಲ್ ಹಾಕುತ್ತದೆ, ಸ್ಲೋ ಸ್ಪೀಡ್ ಏರಿ ಕೂರುತ್ತದೆ. ಟಿಪಿಎಸ್ ನಂಬಿ ನಡೆಯುವ ಹೊತ್ತಿನಲ್ಲಿ ಆ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ, ಮಿಶ್ರಣ ಬಡವಾಗಿ ಮುಗ್ಗರಿಸುತ್ತದೆ.

ಪರೀಕ್ಷೆಗೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಸಿಂಪಡಿಸುವ ಚಾಳಿ ಬೇಡ. ಬಿಸಿ ಇಂಜಿನ್ ಮೇಲೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಸೋಪಿನ ನೀರನ್ನು ಸಣ್ಣ ಸ್ಪ್ರೇ ಬಾಟಲಿಯಲ್ಲಿ ಹಾಕಿ, ಐಡಲ್‌ನಲ್ಲಿ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಜೋಡಣೆಗಳಿಗಷ್ಟೇ ಒಂದೊಂದಾಗಿ ಸಿಂಪಡಿಸಿ. ನೀರು ತಾಗಿದ ಜಾಗದಲ್ಲಿ ಆರ್‌ಪಿಎಂ ಬದಲಾದರೆ ಸೋರಿಕೆ ಅಲ್ಲೇ. ಬಿಎಸ್4 ಕಾಲದಿಂದ ಟ್ಯಾಂಕಿನ ಆವಿ ಹಿಡಿಯುವ ಕ್ಯಾನಿಸ್ಟರ್ ಬಂದಿದೆಯಲ್ಲ, ಅದರ ಪೈಪು ಮ್ಯಾನಿಫೋಲ್ಡಿಗೆ ಬರುವ ಕಡೆ ಕಳಚಿದ್ದರೂ ಇದೇ ಕಥೆ. ಪೈಪುಗಳನ್ನು ಅದಲುಬದಲು ಮಾಡಿ ಹಾಕಿದ ಗಾಡಿಗಳೂ ಉಂಟು.

ಅರ್ಥ್, ಬ್ಯಾಟರಿ, ಕನೆಕ್ಟರ್

ಇಂಜಿನ್ ಕೆಲಸದ ಜೊತೆ ಕೇಸಿಗೆ ಬಣ್ಣ ಹೊಡೆಸುವುದು ಈಗ ರೂಢಿ. ಅರ್ಥ್ ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಿದ್ದಿದ್ದರೆ ಎಫ್‌ಐ ಗಾಡಿ ಏನೇನೋ ಆಟ ಆಡುತ್ತದೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ ಕೇಸಿನ ಬರಿ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಿರಿ. 0.2 ವೋಲ್ಟ್ ದಾಟಿದರೆ ಅರ್ಥ್ ಬಿಚ್ಚಿ ಉಜ್ಜಿ ಕೂರಿಸಬೇಕು. ಬ್ಯಾಟರಿ ವಿಶ್ರಾಂತಿಯಲ್ಲಿ 12.4ಕ್ಕಿಂತ ಮೇಲಿರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬೀಳಬಾರದು, ಗಾಡಿ ಓಡುವಾಗ 13.5ರಿಂದ 14.5 ವೋಲ್ಟ್ ಬರಬೇಕು. ವೋಲ್ಟ್ ಕಡಿಮೆಯಾದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಪಂಪು ಬಳಲುತ್ತದೆ.

ಕನೆಕ್ಟರನ್ನು ಕೈಯಲ್ಲಿ ಎಳೆದು ನೋಡಿ, ‘ಟಿಕ್’ ಎಂದು ಲಾಕ್ ಆಗಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುವುದು ಸಾಮಾನ್ಯ. ಬಿಚ್ಚುವವರೆಗೂ ಹೇಗೋ ನಡೆದಿದ್ದ ಪಿನ್ನು ಬಿಚ್ಚಿ ಹಾಕಿದ ಮೇಲೆ ಕೈ ಕೊಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಕೂರಿಸಿ. ಬಿಡಿಭಾಗ ಬರಲೆಂದು ಗಾಡಿ ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದರೆ ಸೀಟಿನಡಿಯ ವೈರನ್ನು ಇಲಿ ಕಡಿದಿದೆಯೇ ಎಂದೂ ನೋಡಬೇಕು.

ಗಾಡಿ ಬಿದ್ದರೆ ಪೆಟ್ರೋಲ್ ನಿಲ್ಲಿಸುವ ಬ್ಯಾಂಕ್ ಆಂಗಲ್ ಸೆನ್ಸರ್ ಒಂದಿದೆ. ಬಾಣದ ಗುರುತು ಅಥವಾ ‘ಅಪ್’ ಎಂಬ ಅಕ್ಷರ ಮೇಲಕ್ಕೇ ಇರಬೇಕು. ತಲೆಕೆಳಗಾಗಿ ಕಟ್ಟಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಸಡಿಲವಾಗಿ ನೇತಾಡಿದರೆ ಹಳ್ಳದಲ್ಲಿ ಇಳಿದಾಗಲೆಲ್ಲ ಆಫ್ ಆಗುತ್ತದೆ.

ಸ್ಟಾರ್ಟ್ ಮಾಡದೆ ಓದುವುದು

ಇಂಜಿನ್ ಲೈಟ್ ಉರಿಯುತ್ತಿದ್ದರೆ ಕೋಡ್ ಓದಿ. ಹೋಂಡಾದ ಹಲವು ಮಾದರಿಗಳಲ್ಲಿ ಲೈಟಿನ ಮಿಣುಕನ್ನೇ ಎಣಿಸಬಹುದು: ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. ಅಲ್ಲಿ 1 ಮ್ಯಾಪ್, 7 ಇಂಜಿನ್ ಟೆಂಪರೇಚರ್, 8 ಟಿಪಿಎಸ್, 9 ಒಳಬರುವ ಗಾಳಿಯ ಟೆಂಪರೇಚರ್, 12 ಇಂಜೆಕ್ಟರ್, 29 ಐಡಲ್ ವಾಲ್ವ್. ಸ್ಕ್ಯಾನರ್ ಹಾಕುವ ಗಾಡಿಗಳಲ್ಲಿ ಸೀಟಿನಡಿ ಬಹುತೇಕ ಕೆಂಪು 6 ಪಿನ್ ಕನೆಕ್ಟರ್ ಸಿಗುತ್ತದೆ. ಪಿ0122, ಪಿ0123 ಬಂದರೆ ಟಿಪಿಎಸ್ ವೋಲ್ಟ್ ಕಡಿಮೆ ಅಥವಾ ಜಾಸ್ತಿ. ಪಿ0107, ಪಿ0108 ಮ್ಯಾಪಿಗೆ. ಪಿ0171 ಬಡ ಮಿಶ್ರಣ. ಪಿ0335 ಇಂಜಿನ್ ತಿರುಗುವುದನ್ನು ಓದುವ ಪಲ್ಸರ್ ಕಾಯಿಲ್. ಕೋಡ್ ಬಂತೆಂದರೆ ಆ ಸೆನ್ಸರ್ ಕೆಟ್ಟಿದೆ ಎಂದಲ್ಲ, ಆ ತಂತಿಯಲ್ಲಿ ಬರುವ ವೋಲ್ಟ್ ಸರಿಯಿಲ್ಲ ಎಂದಷ್ಟೇ ಅರ್ಥ.

ಸ್ಕ್ಯಾನರ್ ಇದ್ದರೆ ಕೋಡಿಗಿಂತ ಲೈವ್ ಡೇಟಾ ಹೆಚ್ಚು ಉಪಯೋಗ. ಬೆಳಿಗ್ಗೆ ತಣ್ಣಗಿರುವಾಗ, ಸ್ಟಾರ್ಟ್ ಮಾಡದೆ, ಬರೀ ಕೀ ಆನ್ ಮಾಡಿ ನೋಡಿ. ಇಂಜಿನ್ ಟೆಂಪರೇಚರ್ ಮತ್ತು ಗಾಳಿಯ ಟೆಂಪರೇಚರ್ ಹೆಚ್ಚುಕಡಿಮೆ ಒಂದೇ ಇರಬೇಕು. ಟಿಪಿಎಸ್ ಸೊನ್ನೆ ಶೇಕಡಾ ತೋರಿಸಬೇಕು. ಇನ್ನು ಮ್ಯಾಪ್. ನಿಂತ ಇಂಜಿನಿನಲ್ಲಿ ಅದು ಹೊರಗಿನ ಗಾಳಿಯ ಒತ್ತಡವನ್ನೇ ಓದಬೇಕು. ಪುಸ್ತಕದಲ್ಲಿ 101 ಕಿಲೊಪಾಸ್ಕಲ್ ಎಂದಿರುವುದು ಸಮುದ್ರಮಟ್ಟಕ್ಕೆ. ಮಂಗಳೂರಿಗೆ ಸರಿ, ನಮಗಲ್ಲ. ಸಾವಿರ ಮೀಟರಿಗೆ ಸಮೀಪವಿರುವ ಹಾಸನದಲ್ಲಿ ಸುಮಾರು 90, ಚಿಕ್ಕಮಗಳೂರು ಪೇಟೆಯಲ್ಲಿ ಸುಮಾರು 89 ಬರಬೇಕು. ಚಿಕ್ಕಮಗಳೂರಿನಲ್ಲಿ ನಿಂತ ಗಾಡಿ 101 ತೋರಿಸಿದರೆ ‘ಪುಸ್ತಕದ ಪ್ರಕಾರ ಸರಿ’ ಎಂದು ಬಿಡಬಾರದು. ಆ ಸೆನ್ಸರ್ ತಪ್ಪು ಓದುತ್ತಿದೆ, ಇಲ್ಲವೇ ಇಸಿಯು ಸೆನ್ಸರನ್ನು ಕೈಬಿಟ್ಟು ತನ್ನೊಳಗಿನ ಸಿದ್ಧ ಅಂಕಿಯನ್ನು ತೋರಿಸುತ್ತಿದೆ. ಎರಡರಲ್ಲೂ ಪೆಟ್ರೋಲ್ ಜಾಸ್ತಿ ಬಿದ್ದು ಪ್ಲಗ್ ಕಪ್ಪಾಗುತ್ತದೆ.

ಸ್ಕ್ಯಾನರ್ ಇಲ್ಲದಿದ್ದರೆ ಮಲ್ಟಿಮೀಟರ್ ಸಾಕು. ಟಿಪಿಎಸ್ಸಿಗೆ ಮೂರು ವೈರ್: ಒಂದರಲ್ಲಿ 5 ವೋಲ್ಟ್, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಕನೆಕ್ಟರ್ ಹಾಕಿದಂತೆಯೇ ಹಿಂದಿನಿಂದ ಸೂಜಿಯಂಥ ಕಡ್ಡಿ ತೂರಿಸಿ ಸಿಗ್ನಲ್ ಅಳೆಯಿರಿ. ಮುಚ್ಚಿದಾಗ 0.5 ವೋಲ್ಟಿನ ಆಸುಪಾಸು, ಪೂರ್ತಿ ತೆರೆದಾಗ 4ರ ಸುತ್ತಮುತ್ತ. ಖಚಿತ ಅಂಕಿಗೆ ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಅಂಕಿಗಿಂತ ಮುಖ್ಯವಾದದ್ದು ಏರುವ ರೀತಿ. ಗ್ರಿಪ್ಪನ್ನು ಬಹಳ ನಿಧಾನಕ್ಕೆ ತಿರುಗಿಸಿದಾಗ ಎಲ್ಲೂ ಹಾರದೆ, ಹಿಂದೆ ಬೀಳದೆ ಏರಬೇಕು. ನಡುವೆ ಒಂದು ಕಡೆ ಸೊನ್ನೆಗೆ ಬಿದ್ದರೆ ಒಳಗಿನ ಪಟ್ಟಿ ಸವೆದಿದೆ. ನಿತ್ಯ ಕೈ ನಿಲ್ಲುವ ಕಾಲುಭಾಗ ರೇಸಿನ ಜಾಗದಲ್ಲೇ ಸವೆತ ಹೆಚ್ಚು.

5 ವೋಲ್ಟೇ ಬರುತ್ತಿಲ್ಲವೇ? ಇಸಿಯುಗೆ ಬೈಯುವ ಮುನ್ನ ಒಂದು ಕೆಲಸ ಮಾಡಿ. ಅದೇ 5 ವೋಲ್ಟನ್ನು ಮ್ಯಾಪ್ ಮುಂತಾದ ಸೆನ್ಸರುಗಳೂ ಹಂಚಿಕೊಂಡಿರುತ್ತವೆ. ಒಂದೊಂದಾಗಿ ಕನೆಕ್ಟರ್ ಬಿಚ್ಚುತ್ತ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬಂತೋ ಆ ಸೆನ್ಸರಿನಲ್ಲೋ ಅದರ ವೈರಿನಲ್ಲೋ ಶಾರ್ಟ್ ಇದೆ.

ಪೆಟ್ರೋಲ್ ದಾರಿ

ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ಪಂಪಿನ ‘ಗುಂಯ್’ ಸದ್ದು ಕೇಳಬೇಕು. ಸದ್ದು ಬಂತೆಂದರೆ ಒತ್ತಡ ಇದೆ ಎಂದಲ್ಲ. ಹೆಚ್ಚಿನ ಸಣ್ಣ ಬೈಕುಗಳಲ್ಲಿ ಸುಮಾರು 3 ಬಾರ್ ಬೇಕು, ಕೆಲವಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಟಿ ಜೋಡಣೆಯ ಗೇಜ್ ಹಾಕಿ ಐಡಲ್‌ನಲ್ಲೂ ರೇಸ್ ಕೊಟ್ಟಾಗಲೂ ನೋಡಿ. ರೇಸಿಗೆ ಒತ್ತಡ ಕುಸಿದರೆ ಪಂಪಿನ ಕೆಳಗಿನ ಜಾಲರಿ ಕಟ್ಟಿದೆ ಅಥವಾ ಪಂಪು ಸವೆದಿದೆ. ಪೈಪ್ ಕಳಚುವ ಮೊದಲು ಪಂಪಿನ ಕನೆಕ್ಟರ್ ಬಿಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿ ಮೈನಸ್ ತೆಗೆಯಿರಿ. ಇಲ್ಲದಿದ್ದರೆ ಆ ಒತ್ತಡದ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ.

ಇಂಜೆಕ್ಟರ್ ಕಾಯಿಲ್ ಸಾಮಾನ್ಯವಾಗಿ 10ರಿಂದ 14 ಓಮ್ ತೋರಿಸುತ್ತದೆ. ಓಮ್ ಸರಿಯಿದ್ದರೂ ತೂತು ಕಟ್ಟಿರಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಅಂಟಾಗುತ್ತದೆ. ಇ20 ಪೆಟ್ರೋಲಿನಲ್ಲಿ ಬೆರೆತ ಶೇ. 20ರಷ್ಟು ಎಥನಾಲ್ ತೇವ ಹೀರುತ್ತದೆ. ಮಳೆಗಾಲದ ತೇವ, ಕ್ಯಾನಿನಲ್ಲಿ ತುಂಬಿಟ್ಟ ಪೆಟ್ರೋಲ್, ಮುಚ್ಚಳದ ಹಳೇ ರಬ್ಬರ್, ಇವೆಲ್ಲ ಸೇರಿ ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಕೆಳಗೆ ಬೇರ್ಪಟ್ಟು ನಿಲ್ಲುತ್ತದೆ. ಪಂಪು ಕುಡಿಯುವುದು ಕೆಳಗಿನಿಂದಲೇ. ಅನುಮಾನವಿದ್ದರೆ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಅರ್ಧ ಗಂಟೆ ಇಟ್ಟು ನೋಡಿ; ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ನಿಂತ ಗಾಡಿಯ ಟ್ಯಾಂಕಿನ ಉಸಿರುಪೈಪಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಆಗ ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ ಸೊರಗುತ್ತದೆ, ಮುಚ್ಚಳ ತೆಗೆದರೆ ‘ಉಸ್’ ಎಂದು ಗಾಳಿ ಒಳನುಗ್ಗಿ ಮತ್ತೆ ಸರಿಯಾಗುತ್ತದೆ.

ಇಂಜಿನ್ ಒಳಗಿನದು

ಇಷ್ಟಕ್ಕೂ ಸಿಗದಿದ್ದರೆ ಕಟ್ಟಿದ ಕೆಲಸವನ್ನೇ ಅನುಮಾನಿಸಬೇಕು. ಇದು ಮೆಕ್ಯಾನಿಕ್‌ಗೆ ಇಷ್ಟವಾಗದ ಮಾತು, ಆದರೂ ಹೇಳಲೇಬೇಕು. ಟೈಮಿಂಗ್ ಚೈನಿನಲ್ಲಿ ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಗಾಡಿ ಸ್ಟಾರ್ಟ್ ಆಗುತ್ತದೆ, ಸ್ಲೋ ಸ್ಪೀಡ್ ಒರಟಾಗಿರುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಮ್ಯಾಪ್ ಕೂಡ ದಾರಿ ತಪ್ಪಿಸುವ ಅಂಕಿಯನ್ನೇ ಕೊಡುತ್ತದೆ, ಯಾಕೆಂದರೆ ಇಂಜಿನ್ ಎಳೆಯುವ ಉಸಿರೇ ಬದಲಾಗಿರುತ್ತದೆ. ಮ್ಯಾಗ್ನೆಟಿನ ‘ಟಿ’ ಗುರುತನ್ನೂ ಕ್ಯಾಮ್ ಸ್ಪ್ರಾಕೆಟ್ಟಿನ ಗುರುತನ್ನೂ ಮತ್ತೆ ತೆರೆದು ನೋಡುವುದು ಅರ್ಧ ಗಂಟೆ ಕೆಲಸ, ಸೆನ್ಸರ್ ಕೊಳ್ಳುವುದಕ್ಕಿಂತ ಅಗ್ಗ.

ವಾಲ್ವ್ ಗ್ಯಾಪನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ ಅಳೆಯಬೇಕು. ಹೊಸದಾಗಿ ಲ್ಯಾಪ್ ಮಾಡಿದ ವಾಲ್ವ್ ಮೊದಲ ಕೆಲವು ನೂರು ಕಿ.ಮೀ.ಯಲ್ಲಿ ಸೀಟಿನಲ್ಲಿ ಇನ್ನಷ್ಟು ಇಳಿದು ಕೂರುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಕಟ್ಟಿದ ದಿನ ಚೆನ್ನಾಗಿದ್ದ ಗಾಡಿ ಎರಡು ವಾರಕ್ಕೆ ಬಿಸಿಯಾದಾಗ ಆಫ್ ಆಗತೊಡಗಿದರೆ ಮೊದಲು ಇದನ್ನೇ ನೋಡಿ.

ಪಲ್ಸರ್ ಕಾಯಿಲಿನ ತುದಿ ಅಯಸ್ಕಾಂತ. ಬೋರಿನ ಕಬ್ಬಿಣದ ಪುಡಿ ಅದಕ್ಕೆ ಅಂಟಿದ್ದರೆ ಆರ್‌ಪಿಎಂ ಸಿಗ್ನಲ್ ತುಂಡುತುಂಡಾಗಿ ಬರುತ್ತದೆ, ಟ್ಯಾಕೊಮೀಟರ್ ಮುಳ್ಳು ಕುಣಿಯುತ್ತದೆ. ಕಂಪ್ರೆಶನ್ ಅಳೆಯುವಾಗ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ ಥ್ರಾಟಲ್ ಪೂರ್ತಿ ತೆರೆದಿಡಿ. ಮುಚ್ಚಿಟ್ಟು ಅಳೆದ ಅಂಕಿಗೆ ಬೆಲೆಯಿಲ್ಲ. ಕ್ಲಚ್ಚನ್ನೂ ಮರೆಯಬೇಡಿ. ಕಾರಿನ ಆಯಿಲ್ ಹಾಕಿದ್ದರೆ ಪ್ಲೇಟ್ ಜಾರಿ ರೇಸ್ ಏರುತ್ತದೆ, ಗಾಡಿ ಏರುವುದಿಲ್ಲ. ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು.

ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಬಳಿಯುವವರಿದ್ದಾರೆ. ಆಕ್ಸಿಜನ್ ಸೆನ್ಸರಿಗೆ ಹೊಂದದ ಪೇಸ್ಟಿನ ಆವಿ ಆ ಸೆನ್ಸರಿನ ಮೇಲೆ ಬಿಳಿ ಪೊರೆ ಕಟ್ಟಿ ಅದನ್ನು ಕೊಲ್ಲುತ್ತದೆ. ಬಿಸಿಯಾದ ಗಾಡಿಯಲ್ಲಿ ಅದರ ವೋಲ್ಟ್ 0.1ಕ್ಕೂ 0.9ಕ್ಕೂ ನಡುವೆ ಓಲಾಡುತ್ತಿರಬೇಕು. ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಸೇರಿ, ಬಡ ಮಿಶ್ರಣ ಎಂದು ಸೆನ್ಸರ್ ಸುಳ್ಳು ಹೇಳುತ್ತದೆ. ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಮೈಲೇಜ್ ಬೀಳುತ್ತದೆ, ಇಳಿಜಾರಿನಲ್ಲಿ ರೇಸ್ ಬಿಟ್ಟಾಗ ‘ಪಟಪಟ’ ಸಿಡಿಯುತ್ತದೆ.

ಮರುಕಲಿಕೆ, ಆಮೇಲೆ ಘಾಟಿ

ಬ್ಯಾಟರಿ ಬಿಚ್ಚಿದಾಗ, ಥ್ರಾಟಲ್ ಬಾಡಿ ತೊಳೆದಾಗ ಇಸಿಯು ಕಲಿತಿದ್ದ ಐಡಲ್ ಅಂಕಿಗಳು ಅಳಿಸಿಹೋಗಬಹುದು, ಇಲ್ಲವೇ ಹೊಂದದೆ ಹೋಗಬಹುದು. ವಿಧಾನ ಮಾದರಿಯಿಂದ ಮಾದರಿಗೆ ಬೇರೆ, ಮ್ಯಾನ್ಯುಯಲ್ಲೇ ಕೊನೆಯ ಮಾತು. ಹೆಚ್ಚಿನವಕ್ಕೆ ಹೊಂದುವ ಕ್ರಮ ಇದು: ಗ್ರಿಪ್ ಮುಟ್ಟದೆ ಕೀ ಆನ್ ಮಾಡಿ 10–15 ಸೆಕೆಂಡ್ ಬಿಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ಸ್ಟಾರ್ಟ್ ಮಾಡಿ, ಪೂರ್ತಿ ಬಿಸಿಯಾಗುವವರೆಗೆ ರೇಸ್ ಕೊಡದೆ ಐಡಲ್‌ನಲ್ಲೇ ಓಡಲು ಬಿಡಿ. ಹೊಸ ರಿಂಗಿನ ಬಿಗಿಗೆ ಮೊದಮೊದಲು ಸ್ಲೋ ಸ್ಪೀಡ್ ಸ್ವಲ್ಪ ಅತ್ತಿತ್ತ ಆಗುವುದು ಸಹಜ. ಕೈ ತಡೆಯದೆ ಸ್ಟಾಪ್ ಸ್ಕ್ರೂ ತಿರುಗಿಸುವವರು ಎಡವುವುದು ಇಲ್ಲೇ.

ಆಮೇಲೆ ರಸ್ತೆ. ಚಾರ್ಮಾಡಿ ಅಥವಾ ಶಿರಾಡಿ ಇಳಿಯುವಾಗ ರೇಸ್ ಪೂರ್ತಿ ಬಿಟ್ಟಿರುತ್ತೀರಿ, ಇಸಿಯು ಪೆಟ್ರೋಲ್ ನಿಲ್ಲಿಸಿರುತ್ತದೆ. ತಿರುವಿನಲ್ಲಿ ಕ್ಲಚ್ ಹಿಡಿದೊಡನೆ ಅದು ಮತ್ತೆ ಐಡಲ್ ಹಿಡಿಯಬೇಕು. ಅಲ್ಲಿ ಆಫ್ ಆಗುವ ಗಾಡಿಯಲ್ಲಿ ಐಡಲ್ ವಾಲ್ವಿನ ದಾರಿ ಮಸಿ ಕಟ್ಟಿದೆ ಅಥವಾ ಮರುಕಲಿಕೆ ಆಗಿಲ್ಲ. ಏರಿನ ಪರೀಕ್ಷೆಗೆ ಕೈಮರದಿಂದ ಸೀತಾಳಯ್ಯನಗಿರಿಯ ಕಡೆಗೆ ಹತ್ತಿಸಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಒತ್ತಡ ಸುಮಾರು 80 ಕಿಲೊಪಾಸ್ಕಲ್, ಪೇಟೆಗಿಂತ ಶೇ. 10ರಷ್ಟು ಕಡಿಮೆ. ದಾರಿ ಏರಿದಂತೆ ಅಷ್ಟೇ ಪಿಕಪ್ ಕಳೆದುಕೊಳ್ಳುವುದು ಗಾಳಿಯ ಕೊರತೆ, ಗಾಡಿಯ ದೋಷವಲ್ಲ. ಆದರೆ ಮೇಲೆ ಹೋದಂತೆ ಗುಡುಗುಡು ಎಂದು ಉಸಿರು ಕಟ್ಟಿ, ಒಮ್ಮೆ ಕೀ ಆಫ್ ಮಾಡಿ ಆನ್ ಮಾಡಿದಾಗ ಸರಿಹೋದರೆ, ಹೊರಗಿನ ಒತ್ತಡವನ್ನು ಕೀ ಆನ್ ಆದಾಗಷ್ಟೇ ಓದಿಕೊಳ್ಳುವ ಇಸಿಯು ಇರಬಹುದು. ಕೀ ಆಫ್ ಮಾಡಿದರೂ ಸರಿಹೋಗದಿದ್ದರೆ ಮತ್ತೆ ಮ್ಯಾಪ್ ಸೆನ್ಸರಿನ ಓ-ರಿಂಗ್, ಪೈಪು ನೋಡಿ.

ಪೂರ್ತಿ ರೇಸಿನ ಪರೀಕ್ಷೆಯನ್ನು ಮೊದಲ 500 ಕಿ.ಮೀ. ಮುಗಿಯುವವರೆಗೆ ಮಾಡಬೇಡಿ. ಅಲ್ಲಿಯವರೆಗೆ ಮೇಲಿನ ಆರ್‌ಪಿಎಂ ದೂರುಗಳನ್ನು ಬರೆದಿಟ್ಟುಕೊಳ್ಳಿ. 500 ಕಿ.ಮೀ.ಗೆ ಆಯಿಲ್ ಬದಲಿಸಿ, ವಾಲ್ವ್ ಗ್ಯಾಪ್ ಮತ್ತೆ ಅಳೆದು, ಪ್ಲಗ್ ತೆಗೆದು ಬಣ್ಣ ನೋಡಿ: ತಿಳಿ ಕಂದು ಸರಿ, ಒಣ ಕಪ್ಪು ಮಸಿ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಗಾಳಿ ಇನ್ನೂ ಎಲ್ಲೋ ಸೋರುತ್ತಿದೆ. ಇಸಿಯು ಬದಲಿಸುವ ಮಾತು ಅದಾದ ಮೇಲೂ ಉಳಿದಿದ್ದರೆ, ಅದೇ ಮಾದರಿಯ ಇನ್ನೊಂದು ಗಾಡಿಯ ಇಸಿಯು ಹಾಕಿ ನೋಡಿ, ಆಮೇಲೆ ದುಡ್ಡು ಬಿಚ್ಚಿ. ತನ್ನ ಕೀಯನ್ನು ಮಾತ್ರ ಗುರುತು ಹಿಡಿಯುವ ಇಮೊಬಿಲೈಸರ್ ಇರುವ ಮಾದರಿಗಳಲ್ಲಿ ಮಾತ್ರ ಈ ಅದಲುಬದಲು ನಡೆಯುವುದಿಲ್ಲ.